ಕಾಡಿನ ಆರೋಗ್ಯವೂ ಕಾಲೇಜಿನ ವ್ಯಾಸಂಗವೂ



ಮನುಷ್ಯನಿಗೆ ಕಾಯಿಲೆಯಾದರೆ ವೈದ್ಯರು ಬಂದು ನಾಡಿ ಹಿಡಿಯುತ್ತಾರೆ. ದನಕ್ಕೆ ಕಾಯಿಲೆಯಾದರೆ ಪಶುವೈದ್ಯರನ್ನು ಕರೆಯುತ್ತೇವೆ. ಅವರು ಸಿಕ್ಕದಿದ್ದರೆ ಊರಿನಲ್ಲಿ ಮದ್ದು ಬಲ್ಲ ಹಿರಿಯರೊಬ್ಬರಾದರೂ ಇರುತ್ತಾರೆ. ಕಾಡಿಗೆ ಕಾಯಿಲೆಯಾದರೆ ನಾಡಿ ಹಿಡಿಯುವವರು ಯಾರು? ಹಿಡಿಯುವುದಾದರೂ ಎಲ್ಲಿ? ಇದು ನಾನು ಭಾಷಣಕ್ಕಾಗಿ ಕಲ್ಪಿಸಿಕೊಂಡ ಪ್ರಶ್ನೆಯಲ್ಲ. ಅರಕಲಗೂಡು ತಾಲ್ಲೂಕಿನ ರೈತರೊಬ್ಬರು ತಮ್ಮ ಹೊಲದ ಬದುವಿನ ಮೇಲೆ ಕುಳಿತು ನನ್ನನ್ನು ಕೇಳಿದ ಪ್ರಶ್ನೆ. ಅವರ ಮಗಳು ಹಿಂದೆ ನನ್ನ ತರಗತಿಯಲ್ಲಿ ಸಸ್ಯಶಾಸ್ತ್ರವನ್ನು ಓದಿದವಳು. ಈಗ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿನಿ. ಕಳೆದ ವರ್ಷ ರಜೆಯಲ್ಲಿ ಊರಿಗೆ ಬಂದಿದ್ದಾಗ, ತೋಟದಲ್ಲಿ ಏನೋ ನೋಡಬೇಕಾಗಿದೆ, ಒಮ್ಮೆ ಬನ್ನಿ ಎಂದು ಹೇಳಿಕಳುಹಿಸಿದಳು.

ನಾನು ಹೋದ ದಿನ ತಂದೆ ಉಪಚಾರದ ಮಾತುಗಳೆಲ್ಲ ಮುಗಿದ ಮೇಲೆ ನಗುತ್ತಲೇ ಹೇಳಿದರು: "ಮೇಷ್ಟ್ರೇ, ಎಲ್ಲಾರ ಮಕ್ಳೂ ಇಂಜಿನಿಯರ್ ಓದ್ತಾವೆ, ಡಾಕ್ಟ್ರು ಓದ್ತಾವೆ. ಇವಳು ಕಾಡು ಓದ್ತೀನಿ ಅಂತ ಹೋದಳು. ಕಾಡಿಗೇನು ಜ್ವರ ಬತ್ತದಾ?"

ಬರುತ್ತದೆ ಎಂದು ನಾನು ಹೇಳಬೇಕಾಗಲಿಲ್ಲ. ಮಗಳು ನಮ್ಮಿಬ್ಬರನ್ನೂ ಗಂಧದ ಗಿಡಗಳ ಸಾಲಿಗೆ ಕರೆದುಕೊಂಡು ಹೋದಳು.

ಆ ಹೊಲದಲ್ಲಿ ಹಿಂದೆ ಬೆಳೆಯುತ್ತಿದ್ದುದು ಹೊಗೆಸೊಪ್ಪು. ಕೊಣನೂರು, ರಾಮನಾಥಪುರ ಈ ಸೀಮೆಯನ್ನು ಬಲ್ಲವರಿಗೆ ಹೊಗೆಸೊಪ್ಪಿನ ಬ್ಯಾರನ್ನುಗಳನ್ನು ಕುರಿತು ನಾನು ಬಣ್ಣಿಸಬೇಕಾಗಿಲ್ಲ. ಒಂಬತ್ತು ವರ್ಷಗಳ ಹಿಂದೆ ಇವರು ಇಪ್ಪತ್ತು ಗುಂಟೆಯಲ್ಲಿ ಆ ಬೆಳೆಯನ್ನು ಬಿಟ್ಟು, ತೊಗರಿಯ ನಡುವೆ ಗಂಧದ ಸಸಿಗಳನ್ನು ನೆಟ್ಟರು. ಸಸಿಗಳು ಆಳೆತ್ತರವನ್ನು ಮೀರಿ ಬೆಳೆದವು. ಚೇಗು ಇನ್ನೇನು ಕಟ್ಟಬೇಕು. ಸಾಲಿನ ಕೊನೆಯಲ್ಲಿ, ಲಂಟಾನದ ಬೇಲಿಗೆ ಹತ್ತಿರದಲ್ಲಿದ್ದ ಒಂದು ಮರ ಮಾತ್ರ ಬೇರೆಯಾಗಿ ಕಾಣುತ್ತಿತ್ತು. ಒಣಗಿರಲಿಲ್ಲ, ಬಾಡಿರಲಿಲ್ಲ. ಆದರೆ ಎಲೆಗಳು ಕಿರಿದಾಗಿ, ಬಿರುಸಾಗಿ, ಕೊಂಬೆಗೆ ನೆಟ್ಟಗೆ ನಿಂತಿದ್ದವು. ಗೆಣ್ಣಿಗೂ ಗೆಣ್ಣಿಗೂ ನಡುವಣ ಅಂತರ ಕುಗ್ಗಿ, ಕೊಂಬೆಯ ತುದಿ ಒಂದು ಮುಳ್ಳಿನ ಕದಿರಿನಂತೆ ಆಗಿತ್ತು. ಹೂವಿಲ್ಲ, ಕಾಯಿಲ್ಲ. ನಾನು ಪುಸ್ತಕದ ಚಿತ್ರಗಳಲ್ಲಿ ಎಷ್ಟೋ ಸಲ ನೋಡಿದ್ದ, ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಬಾಯಿಪಾಠದಂತೆ ಹೇಳಿದ್ದ ಲಕ್ಷಣ ಅದು. ಎದುರಿಗೆ ನಿಂತಾಗ ಬಾಯಿ ಬರಲಿಲ್ಲ. ಹುಡುಗಿಯೇ ಹೇಳಿದಳು: "ಸ್ಪೈಕ್, ಅಲ್ಲವೆ ಸಾರ್?"

ಈ ರೋಗದ ಕಥೆ ಅರಕಲಗೂಡಿಗೆ ದೂರದ ಕಥೆಯಲ್ಲ. ಹಿಂದೆ ಫ್ರೇಜರ್‌ಪೇಟೆ ಎಂದು ಕರೆಯುತ್ತಿದ್ದ ಇಂದಿನ ಕುಶಾಲನಗರವನ್ನು ಹಾದು ಬಂದ ಕಾವೇರಿಯೇ ಮುಂದೆ ಕೊಣನೂರನ್ನೂ ರಾಮನಾಥಪುರವನ್ನೂ ಮುಟ್ಟುತ್ತಾಳೆ. ಆ ಫ್ರೇಜರ್‌ಪೇಟೆಯ ಸುತ್ತಿನ ಕಾಡಿನಲ್ಲಿ 1899ರಲ್ಲಿ ಮೆಕಾರ್ಥಿ ಎಂಬ ಅರಣ್ಯಾಧಿಕಾರಿ ಮೊದಲ ಬಾರಿಗೆ ಇದನ್ನು ಗುರುತಿಸಿದರು. ಕದಿರಿನಂತೆ ಕಾಣುವ ಕೊಂಬೆಯನ್ನು ನೋಡಿ ಸ್ಪೈಕ್ ಎಂದು ಹೆಸರಿಟ್ಟರು. ರೋಗ ಕೊಡಗಿನಲ್ಲಿ ನಿಲ್ಲಲಿಲ್ಲ. ಮೈಸೂರಿನ ಸೀಮೆಗೂ ಹರಡಿತು. 1903ರಿಂದ 1916ರವರೆಗಿನ ಅವಧಿಯಲ್ಲಿ ಕೊಡಗು ಮತ್ತು ಮೈಸೂರು ಪ್ರಾಂತಗಳಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಗಂಧದ ಮರಗಳನ್ನು ಇದೊಂದು ಕಾರಣದಿಂದ ತೆಗೆಯಬೇಕಾಯಿತು.

ಇದು ಸಾಮಾನ್ಯ ನಷ್ಟವಲ್ಲ. ಟೀಪೂ ಸುಲ್ತಾನನು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಈ ಮರ ಮೈಸೂರಿನ ಬೊಕ್ಕಸಕ್ಕೆ ಒಂದು ಊರುಗೋಲಾಗಿತ್ತು. ಮೊದಲನೆಯ ಮಹಾಯುದ್ಧದಿಂದ ಯುರೋಪಿಗೆ ಕೊರಡನ್ನು ಕಳುಹಿಸುವ ದಾರಿ ಮುಚ್ಚಿದಾಗ, 1916ರಲ್ಲಿ, ನಾವೇ ಎಣ್ಣೆಯನ್ನು ಭಟ್ಟಿಯಿಳಿಸುವ ಕಾರ್ಖಾನೆ ಬೆಂಗಳೂರಿನಲ್ಲಿ ಆರಂಭವಾಯಿತು. ಆ ಎಣ್ಣೆಯ ಕೆಲಸದಲ್ಲಿ ಭಾರತೀಯ ವಿಜ್ಞಾನ ಮಂದಿರದ ರಸಾಯನಶಾಸ್ತ್ರಜ್ಞರು ನೆರವಾದರು. ಸಾಬೂನಿನ ವಿಷಯ ತಮಗೆಲ್ಲ ಗೊತ್ತೇ ಇದೆ. ಹಾಸನದಲ್ಲಿ ಇಂದು ಹೆಣ್ಣುಮಕ್ಕಳ ಗೃಹವಿಜ್ಞಾನ ಕಾಲೇಜು ಇರುವ ಆವರಣವನ್ನು ಊರಿನವರು ಈಗಲೂ ಗಂಧದ ಕೋಠಿ ಎಂದೇ ಕರೆಯುತ್ತಾರೆ. ಆಟೋರಿಕ್ಷಾದವನಿಗೆ ಕಾಲೇಜಿನ ಹೆಸರು ಹೇಳಿದರೆ ತಡವರಿಸಿಯಾನು, ಗಂಧದ ಕೋಠಿ ಎಂದರೆ ತಡವರಿಸುವುದಿಲ್ಲ. ಗಂಧ ಹೋಗಿ ವಿದ್ಯೆ ಬಂದುದು ಸಂತೋಷದ ವಿಷಯವೇ. ಆದರೆ ಆ ಗಂಧ ಎಲ್ಲಿಗೆ ಹೋಯಿತು, ಏಕೆ ಹೋಯಿತು ಎಂದು ಅಲ್ಲಿಯ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿ ಕೇಳಿಕೊಂಡಿದ್ದಾರೋ ತಿಳಿಯದು.

ಹೀಗಿರಲು, ಮೈಸೂರು ಸರ್ಕಾರ 1907ರಲ್ಲಿ, ಈ ರೋಗಕ್ಕೆ ಪರಿಹಾರವನ್ನು ಕಂಡುಹಿಡಿದವರಿಗೆ 10,000 ರೂಪಾಯಿ ಬಹುಮಾನ ಕೊಡುವುದಾಗಿ ಸಾರಿತು. ಅಂದಿನ ಹತ್ತು ಸಾವಿರ! ಊಹೆಗಳು ಸಾಲುಸಾಲಾಗಿ ಬಂದವು. ಕಾಡಿಗೆ ಬಿದ್ದ ಬೆಂಕಿಯೇ ಕಾರಣವೆಂದರು ಕೆಲವರು. ಬೇಲಿಯಲ್ಲೂ ಬಯಲಿನಲ್ಲೂ ಹಬ್ಬುತ್ತಿದ್ದ ಲಂಟಾನವೇ ಕಾರಣವೆಂದರು ಮತ್ತೆ ಕೆಲವರು. ಮರದೊಳಗಿನ ರಸದ ಓಟ ತಪ್ಪಿರುವುದರಿಂದ ಹೀಗಾಗಿದೆ ಎಂದು ವಾದಿಸಿದ ವಿದ್ವಾಂಸರೂ ಇದ್ದರು. ಇವರಲ್ಲಿ ಯಾರೂ ಮೂಢರಲ್ಲ. ಪ್ರತಿಯೊಬ್ಬರೂ ತಾವು ಕಲಿತ ಶಾಸ್ತ್ರದ ಕಿಟಕಿಯಿಂದ ನೋಡಿದರು; ಆ ಕಿಟಕಿಯಿಂದ ಕಂಡದ್ದನ್ನೇ ಹೇಳಿದರು.

ಗಂಧದ ಮರದ ಸ್ವಭಾವವೇ ಅಂಥದು, ಒಂದು ಕಿಟಕಿಗೆ ಸಿಕ್ಕುವುದಿಲ್ಲ. ನೋಡುವುದಕ್ಕೆ ಅದು ಸ್ವತಂತ್ರವಾದ ಮರ. ಹಸಿರೆಲೆಗಳಿವೆ, ಬಿಸಿಲಿನಲ್ಲಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ. ನೆಲದೊಳಗೆ ಮಾತ್ರ ಅದರ ಬೇರು ನೆರೆಯ ಗಿಡದ ಬೇರನ್ನು ಹುಡುಕಿಕೊಂಡು ಹೋಗಿ, ಗುಂಡಿಯಂಥ ಒಂದು ಅಂಗದಿಂದ ಅದಕ್ಕೆ ಅಂಟಿಕೊಂಡು, ನೀರನ್ನೂ ಲವಣಗಳನ್ನೂ ಹೀರುತ್ತದೆ. ಇದನ್ನು ಜಾನ್ ಸ್ಕಾಟ್ ಎಂಬಾತನು 1871ರಲ್ಲಿ ತೋರಿಸಿದನು. ಅರೆ ಪರೋಪಜೀವಿ ಎಂದು ನಾವು ಪಾಠದಲ್ಲಿ ಹೇಳುತ್ತೇವೆ. ಆ ಶಬ್ದದಲ್ಲಿ ಸ್ವಲ್ಪ ಬೈಗುಳದ ವಾಸನೆಯಿದೆ, ನನಗೆ ಅದು ಹಿತವಲ್ಲ. ನಮ್ಮ ರೈತರು ತೊಗರಿಯ ನಡುವೆ ಸಸಿ ನೆಟ್ಟದ್ದು ಇದೇ ಕಾರಣದಿಂದ. ನೆರೆಯಿಲ್ಲದೆ ಗಂಧವಿಲ್ಲ. ಹಣ್ಣಾದಾಗ ಪಿಕಳಾರವೂ ಕೋಗಿಲೆಯೂ ಬಂದು ತಿಂದು ಬೀಜವನ್ನು ಬೇಲಿಯಿಂದ ಬೇಲಿಗೆ ಒಯ್ಯುತ್ತವೆ. ಅಂದಮೇಲೆ ಗಂಧದ ಆರೋಗ್ಯವೆಂದರೆ ಯಾರ ಆರೋಗ್ಯ? ಮರದ್ದೆ, ತೊಗರಿಯದ್ದೆ, ಬೇಲಿಯದ್ದೆ, ಹಕ್ಕಿಯದ್ದೆ?

ಕೋಲ್ಮನ್ನರ ಹೆಸರನ್ನು ಇಲ್ಲಿ ಹೇಳಬೇಕು. ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರಿನ ಸೇವೆಗೆ ಬಂದು, ಬೂಷ್ಟುಗಳನ್ನೂ ಕೀಟಗಳನ್ನೂ ಒಟ್ಟಿಗೆ ನೋಡಿಕೊಳ್ಳುವ ಹುದ್ದೆಯಲ್ಲಿದ್ದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದವರು ಅವರೇ. ಗಂಧದ ವಿಷಯದಲ್ಲಿ ಅವರು ಮಾಡಿದ್ದು ಬಹು ಸರಳವಾದ ಕೆಲಸ. ರೋಗದ ಮರದ ಕಡ್ಡಿಯನ್ನು ತಂದು ಆರೋಗ್ಯದ ಮರಕ್ಕೆ ಕಸಿ ಕಟ್ಟಿದರು. ಆರೋಗ್ಯದ ಮರಕ್ಕೆ ರೋಗ ಬಂದಿತು. 1917ರಲ್ಲಿ ಇದನ್ನು ಪ್ರಕಟಿಸಿದರು. ಬೆಂಕಿಯಲ್ಲ, ರಸದ ಓಟದ ದೋಷವಲ್ಲ. ಮರದಿಂದ ಮರಕ್ಕೆ ದಾಟುವ ಏನೋ ಒಂದು ಇದೆ ಎಂದು ಸ್ಥಿರಪಟ್ಟಿತು. ಆ "ಏನೋ ಒಂದು" ಮಾತ್ರ ಅಂದಿನ ಸೂಕ್ಷ್ಮದರ್ಶಕಕ್ಕೆ ಕಾಣಲಿಲ್ಲ.

ಬಳಿಕ ಕೆಲಸ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದಿತು. ಎಂ. ಶ್ರೀನಿವಾಸಯ್ಯನವರೂ ಅವರ ಜೊತೆಗಾರರೂ 1920ರ ದಶಕದ ಕೊನೆಯಿಂದ ಮುಂದೆ ವರ್ಷಗಟ್ಟಲೆ ಈ ರೋಗದ ಹಿಂದೆ ಬಿದ್ದರು. ಅವರು ಮುಖ್ಯವಾಗಿ ಜೀವರಸಾಯನದವರು. ಎಲೆಯನ್ನು ಅರೆದು ಒಳಗಿನ ಲೆಕ್ಕವನ್ನು ನೋಡಿದರು. ರೋಗದ ಎಲೆಯಲ್ಲಿ ಪಿಷ್ಟ ರಾಶಿಬಿದ್ದಿರುತ್ತದೆ. ಅದು ಕೆಳಗಿಳಿದು ಬೇರನ್ನು ಮುಟ್ಟುವುದಿಲ್ಲ. ಮೇಲೆ ಉಗ್ರಾಣ ತುಂಬಿದೆ, ಕೆಳಗೆ ಮನೆಯವರು ಉಪವಾಸ. ಬೇರಿನ ತುದಿಗಳೂ ನೆರೆಯ ಗಿಡವನ್ನು ಹಿಡಿದಿದ್ದ ಆ ಗುಂಡಿಗಳೂ ಸಾಯುತ್ತವೆ. ಒಂದರಿಂದ ಮೂರು ವರ್ಷಗಳಲ್ಲಿ ಮರ ಸಾಯುತ್ತದೆ. ಅವರು ಕಂಡ ಇನ್ನೊಂದು ವಿಷಯವಿದೆ. ನನ್ನ ಮಟ್ಟಿಗೆ ಈ ಭಾಷಣದ ತಿರುಳೇ ಅದು. ಕೆಲವು ಮರಗಳು ರೋಗವನ್ನು ಒಳಗಿಟ್ಟುಕೊಂಡೂ ಹೊರಗೆ ಏನನ್ನೂ ತೋರಗೊಡುವುದಿಲ್ಲ. ಹಸಿರಾಗಿಯೇ ಇರುತ್ತವೆ. ಕೊಂಬೆ ಕಡಿದರೋ ಕಸಿ ಕಟ್ಟಿದರೋ ಆಗ ಗುಟ್ಟು ಬಯಲಾಗುತ್ತದೆ. ಲಕ್ಷಣ ಮರೆಯಾಗಿದೆ, ರೋಗ ಮರೆಯಾಗಿಲ್ಲ. ಹಸಿರಾಗಿದೆ ಎಂಬುದು ಆರೋಗ್ಯಕ್ಕೆ ಸಾಕ್ಷಿಯಲ್ಲವೆಂದಾಯಿತು. ಕಾಡನ್ನು ನೋಡುವ ನಮ್ಮ ಸಾಮಾನ್ಯ ದೃಷ್ಟಿಯನ್ನೇ ಇದು ತಲೆಕೆಳಗು ಮಾಡುವುದಿಲ್ಲವೆ? ಪ್ರವಾಸಕ್ಕೆ ಹೋದವರು "ಆಹಾ, ಎಂಥ ದಟ್ಟವಾದ ಹಸಿರು!" ಎಂದಾಗ ನನಗೆ ಆ ಹಸಿರಿನಲ್ಲಿ ಅರ್ಧ ಲಂಟಾನವೇ ಕಾಣುತ್ತದೆ. ಇರಲಿ.

ದಾಟಿಸುವವರು ಯಾರು ಎಂಬ ಪ್ರಶ್ನೆಗೆ ಕೀಟಶಾಸ್ತ್ರದವರು ಉತ್ತರ ಹುಡುಕಿದರು. ಎಲೆಯ ರಸವನ್ನು ಹೀರುವ ಒಂದು ಬಗೆಯ ಜಿಗಿಹುಳು ರೋಗವನ್ನು ಹೊತ್ತು ತಿರುಗುತ್ತದೆಂದು 1941ರಲ್ಲಿ ಪ್ರಯೋಗದಿಂದ ತೋರಿಸಿದರು. ಇನ್ನು ರೋಗಾಣು. 1967ರಲ್ಲಿ ಜಪಾನಿನಲ್ಲಿ ಹಿಪ್ಪುನೇರಳೆಯ ಗಿಡ್ಡುರೋಗವನ್ನು ಪರೀಕ್ಷಿಸುತ್ತಿದ್ದವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೊಸ ಬಗೆಯ ಜೀವಾಣುವೊಂದನ್ನು ಕಂಡರು. ಅದಕ್ಕೆ ಬ್ಯಾಕ್ಟೀರಿಯಕ್ಕೆ ಇರಬೇಕಾದ ಗೋಡೆಯೇ ಇಲ್ಲ. ಎರಡೇ ವರ್ಷದಲ್ಲಿ, 1969ರಲ್ಲಿ, ಗಂಧದ ಎಲೆಯಲ್ಲಿಯೂ ಅದೇ ಜಾತಿಯದು ಇದೆಯೆಂದು ಬೇರೆಬೇರೆ ಮೂರು ತಂಡಗಳವರು ಕಂಡುಕೊಂಡರು. ಇಂದು ಅದನ್ನು ಫೈಟೋಪ್ಲಾಸ್ಮ ಎಂದು ಕರೆಯುತ್ತೇವೆ. ಎಲೆಯಿಂದ ಬೇರಿಗೆ ಅನ್ನವನ್ನು ಸಾಗಿಸುವ ಸಣ್ಣ ನಾಳಗಳಲ್ಲಿಯೇ ಅದರ ವಾಸ. ಪೆನಿಸಿಲಿನ್ನು ಬ್ಯಾಕ್ಟೀರಿಯದ ಗೋಡೆಯ ಮೇಲೆ ಕೆಲಸ ಮಾಡುವ ಮದ್ದಾದುದರಿಂದ ಗೋಡೆಯಿಲ್ಲದ ಈ ಪ್ರಾಣಿಗೆ ಅದು ತಾಕುವುದಿಲ್ಲ. ಟೆಟ್ರಾಸೈಕ್ಲಿನ್ನನ್ನು ಮರಕ್ಕೆ ಕೊಟ್ಟರೆ ಕೆಲವು ಕಾಲ ಲಕ್ಷಣಗಳು ಇಳಿಯುತ್ತವೆ, ಮತ್ತೆ ಮರುಕಳಿಸುತ್ತವೆ. ಕಾಡಿನ ಪ್ರತಿಯೊಂದು ಮರಕ್ಕೂ ಸೂಜಿ ಹಾಕುವವರು ಯಾರು? ಪೂರ್ಣವಾದ ಮದ್ದು ಇಂದಿಗೂ ದೊರೆತಿಲ್ಲ. ರೋಗದ ಮರವನ್ನು ಬೇಗ ಗುರುತಿಸಿ ತೆಗೆಯುವುದೇ ಉಳಿದ ದಾರಿ.

1899ರಿಂದ 1969. ಕಾರಣವನ್ನು ತಿಳಿಯುವುದಕ್ಕೇ ಎಪ್ಪತ್ತು ವರ್ಷ ಹಿಡಿಯಿತು. ಇದರಲ್ಲಿ ಉಪಕರಣಗಳ ಕೊರತೆಯ ಪಾಲು ದೊಡ್ಡದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿಲ್ಲದೆ ಕೋಲ್ಮನ್ನರು ಅದನ್ನು ಕಾಣುವಂತಿರಲಿಲ್ಲ. ಆದರೆ ಎಲ್ಲವನ್ನೂ ಉಪಕರಣದ ತಲೆಗೆ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೋಲಿಕೆಗೆ ನಮ್ಮ ನಾಡಿನದೇ ಇನ್ನೊಂದು ಸಂಗತಿಯನ್ನು ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿಬರುವ ಜನರಿಗೂ ಜ್ವರ ಬಂದಿತು. ವೈದ್ಯರು, ಪ್ರಾಣಿಶಾಸ್ತ್ರದವರು, ಕೀಟಶಾಸ್ತ್ರದವರು ಒಂದೇ ಕಾಡಿನಲ್ಲಿ ಒಟ್ಟಿಗೆ ನಡೆದರು. ಮಂಗ, ಉಣ್ಣೆ, ಮನುಷ್ಯ ಈ ಮೂರನ್ನೂ ಕಟ್ಟಿದ ವೈರಸ್ಸು ಅಲ್ಪಕಾಲದಲ್ಲಿಯೇ ಪತ್ತೆಯಾಯಿತು. ಮಂಗನ ಕಾಯಿಲೆಗೆ ಮನುಷ್ಯನು ಬಲಿಯಾಗುತ್ತಿದ್ದುದರಿಂದ ಆ ಅವಸರ ಬಂದಿತು ಎನ್ನಬಹುದು. ನಿಜ. ಆದರೆ ಅವಸರ ಮಾತ್ರವಲ್ಲ, ಒಟ್ಟಿಗೆ ನಡೆದದ್ದೂ ಒಂದು ಕಾರಣ. ಗಂಧದ ವಿಷಯದಲ್ಲಿ ಬೇರನ್ನು ಬಲ್ಲವರು ಒಂದು ಊರಿನಲ್ಲಿ, ಹುಳುವನ್ನು ಬಲ್ಲವರು ಇನ್ನೊಂದು ಊರಿನಲ್ಲಿ, ಎಲೆಯ ರಸಾಯನವನ್ನು ಬಲ್ಲವರು ಮತ್ತೊಂದು ಕಟ್ಟಡದಲ್ಲಿದ್ದರು.

ರೈತನನ್ನಂತೂ ಯಾರೂ ಕೇಳಲೇ ಇಲ್ಲ. ಕೇಳಿದರೂ ಆತ ಹೇಳುತ್ತಿರಲಿಲ್ಲ. ರಾಜವೃಕ್ಷವೆಂದರೆ ತನ್ನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧವೂ ತನ್ನದಲ್ಲ, ದೊರೆತನದ್ದು. ಮರ ಕಳುವಾದರೆ ವಿಚಾರಣೆ ಮಾತ್ರ ತನ್ನ ಬಾಗಿಲಿಗೆ. ಆದುದರಿಂದ ಬದುವಿನಲ್ಲಿ ಗಂಧದ ಸಸಿ ಕಂಡರೆ ಸದ್ದಿಲ್ಲದೆ ಕಿತ್ತು ಹಾಕಿದವರ ಕಥೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ನನ್ನ ತಾತನವರೂ ಕಿತ್ತಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ಹೀಗಿರುವಾಗ ಮರಕ್ಕೆ ಕಾಯಿಲೆ ಬಂದಿದೆಯೆಂದು ಯಾರು ಹೋಗಿ ದೂರುತ್ತಾರೆ? ಕರ್ನಾಟಕದಲ್ಲಿ 2001ರ ತಿದ್ದುಪಡಿಯಾದ ಮೇಲೆ ಮರ ಭೂಮಿಯ ಒಡೆಯನದೇ ಎಂದಾಯಿತು. ನಮ್ಮ ರೈತರು ಹೊಗೆಸೊಪ್ಪಿನ ನೆಲದಲ್ಲಿ ಗಂಧ ನೆಟ್ಟದ್ದು ಆ ಧೈರ್ಯದಿಂದಲೇ. ಆದರೂ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅನುಮತಿ ಬೇಕು. ಕಾಡಿನಲ್ಲಾದರೋ, ಹಸಿರು ಮರವನ್ನು ಕಡಿಯಬಾರದೆಂಬ ನಿಷೇಧ ಇರುವ ಕಡೆ ರೋಗದ ಮರ ನಿಂತೇ ಇದ್ದು ನೆರೆಗೆ ಹಂಚುತ್ತಲೇ ಇರುತ್ತದೆ. ನಿಷೇಧ ಮಾಡಿದವರ ಉದ್ದೇಶ ಒಳ್ಳೆಯದೇ. ಮರವನ್ನು ಕಾಪಾಡಬೇಕೆಂದು ಮಾಡಿದ ನಿಯಮವು ಮರದ ರೋಗವನ್ನು ಕಾಪಾಡುತ್ತಿದೆ.

ಈಗ ವಿಶ್ವವಿದ್ಯಾನಿಲಯದ ಮಾತಿಗೆ ಬರುತ್ತೇನೆ. ಸಿರಸಿಯಲ್ಲಿಯೂ ಪೊನ್ನಂಪೇಟೆಯಲ್ಲಿಯೂ ಅರಣ್ಯಶಾಸ್ತ್ರದಲ್ಲಿ ನಾಲ್ಕು ವರ್ಷಗಳ ಪದವಿಯ ವ್ಯಾಸಂಗವಿದೆ. ಮರಗಳ ರೋಗ, ಮರಗಳ ಕೀಟ, ಮಣ್ಣು, ಅಳತೆ, ಕಾನೂನು, ಎಲ್ಲಕ್ಕೂ ಒಂದೊಂದು ಪಾಠವುಂಟು. ನಮ್ಮ ಸಾಮಾನ್ಯ ಕಾಲೇಜುಗಳ ಸಸ್ಯಶಾಸ್ತ್ರಕ್ಕಿಂತ ಅದು ಎಷ್ಟೋ ವಾಸಿ. ನಮ್ಮಲ್ಲಿ ಹುಡುಗರು ಪೈನ್ ಮರದ ಕಾಂಡದ ಅಡ್ಡಕೊಯ್ತವನ್ನು ಅಂದವಾಗಿ ಬರೆಯಬಲ್ಲರು, ಕಾಲೇಜಿನ ಕಾಂಪೌಂಡಿನಲ್ಲಿರುವ ಹೊಂಗೆಯ ಎಲೆಗೆ ಏಕೆ ಗಂಟು ಬಂದಿದೆ ಎಂದರೆ ಮುಖ ನೋಡುತ್ತಾರೆ. ತಪ್ಪು ಅವರದಲ್ಲ, ನನ್ನಂಥವರದು. ಆದರೆ ಅರಣ್ಯ ಕಾಲೇಜಿನಲ್ಲಿಯೂ ಪಾಠಗಳು ಬೇರೆಬೇರೆ ಗಂಟೆಗಳಲ್ಲಿ ನಡೆಯುತ್ತವೆ, ಬೇರೆಬೇರೆ ಪತ್ರಿಕೆಗಳಲ್ಲಿ ಪರೀಕ್ಷೆಯಾಗುತ್ತವೆ. ಕಾಡಿನಲ್ಲಿ ಅವು ಬೇರೆಬೇರೆ ಗಂಟೆಗಳಲ್ಲಿ ನಡೆಯುವುದಿಲ್ಲ. ನನ್ನ ಹಳೆಯ ಶಿಷ್ಯೆ ಹೇಳಿದ ಮಾತು ಇದು: "ಕೀಟದ ಪರೀಕ್ಷೆಯಲ್ಲಿ ಜಿಗಿಹುಳು ಬರೆದೆ ಸಾರ್, ರೋಗದ ಪರೀಕ್ಷೆಯಲ್ಲಿ ಸ್ಪೈಕ್ ಬರೆದೆ. ಎರಡೂ ಒಂದೇ ಕಥೆ ಅಂತ ಅಪ್ಪನ ಹೊಲದಲ್ಲಿ ತಿಳಿಯಿತು."

ಇನ್ನೊಂದು ಕೊರತೆ ಕಾಲದ್ದು. ವೈದ್ಯರು ಒಮ್ಮೆ ನಾಡಿ ಹಿಡಿದು ಹೋಗುವುದಿಲ್ಲ. ನಿನ್ನೆಯ ಜ್ವರ ಎಷ್ಟಿತ್ತು, ಇಂದು ಎಷ್ಟಿದೆ ಎಂದು ಹೋಲಿಸಿ ನೋಡುತ್ತಾರೆ. ಕಾಡಿಗೆ ನಿನ್ನೆಯೆಂದರೆ ಹತ್ತು ವರ್ಷ. 1980ರ ದಶಕದಲ್ಲಿ ಜರ್ಮನಿಯಲ್ಲಿ, ಹೊಗೆಯಿಂದ ಆಮ್ಲದ ಮಳೆ ಸುರಿದು ಕಾಡುಗಳೆಲ್ಲ ಸತ್ತೇಹೋಗುತ್ತವೆ ಎಂಬ ದೊಡ್ಡ ಭೀತಿ ಹುಟ್ಟಿತು. ಅವರು ಹೆದರಿದಷ್ಟು ಕಾಡು ಸಾಯಲಿಲ್ಲ. ಆದರೆ ಆ ಭೀತಿಯಿಂದ ಒಂದು ಒಳ್ಳೆಯ ಅಭ್ಯಾಸ ಉಳಿಯಿತು: 1984ರಿಂದ ಮೊದಲ್ಗೊಂಡು ಗೊತ್ತಾದ ಮರಗಳ ನೆತ್ತಿಯನ್ನು ವರ್ಷವರ್ಷವೂ ನೋಡಿ, ಎಲೆ ಎಷ್ಟು ತೆಳುವಾಗಿದೆ ಎಂದು ಬರೆದಿಡುತ್ತಾರೆ. ನಮ್ಮಲ್ಲಿಯೂ ಇಂಥ ತಾಳ್ಮೆ ಇಲ್ಲದಿಲ್ಲ. ನೀಲಗಿರಿಯ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಮಂದಿರದವರು 1988ರಲ್ಲಿ 50 ಹೆಕ್ಟೇರು ಕಾಡನ್ನು ಗುರುತುಮಾಡಿ, ಅದರೊಳಗಿನ ಒಂದೊಂದು ಮರಕ್ಕೂ ಅಂಕಿ ಕೊಟ್ಟು, ಹುಟ್ಟು, ಬೆಳವಣಿಗೆ, ಸಾವುಗಳ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಆನೆ ಬಂದು ಮುರಿದದ್ದು, ಬೆಂಕಿ ಬಂದು ಸುಟ್ಟದ್ದು, ಎಲ್ಲವೂ ಪುಸ್ತಕದಲ್ಲಿದೆ. ಪದವಿಯ ವಿದ್ಯಾರ್ಥಿಗೆ ದೊರೆಯುವುದು ನಾಲ್ಕು ವರ್ಷ. ಮರಕ್ಕೆ ಅದು ಒಂದು ಮಧ್ಯಾಹ್ನ. ಹಿಂದಿನ ವಿದ್ಯಾರ್ಥಿಯು ಬರೆದಿಟ್ಟ ಪುಸ್ತಕವನ್ನು ಮುಂದಿನ ವಿದ್ಯಾರ್ಥಿಯು ಮುಂದುವರಿಸಿದರೆ ಮಾತ್ರ ಆ ಮಧ್ಯಾಹ್ನಗಳು ಸೇರಿ ಒಂದು ದಿನವಾದಾವು. ನಮ್ಮ ಕಾಲೇಜುಗಳಲ್ಲಿ ಹಾಗೆ ಮುಂದುವರಿಯುವ ಪುಸ್ತಕ ಹಾಜರಿಯದೊಂದೇ.

ಅಮೆರಿಕದವರ ಚೆಸ್ಟ್‌ನಟ್ ಮರದ ಸಂಗತಿಯನ್ನು ಹೇಳದೆ ಬಿಡಲಾರೆ. ನಮ್ಮ ಸ್ಪೈಕ್ ಕಂಡ ಐದು ವರ್ಷಗಳ ಮೇಲೆ, 1904ರಲ್ಲಿ, ನ್ಯೂಯಾರ್ಕಿನ ಮೃಗಾಲಯದ ತೋಟದಲ್ಲಿ ಆ ಮರಗಳ ತೊಗಟೆಗೆ ಒಂದು ಬೂಷ್ಟು ಹತ್ತಿದ್ದನ್ನು ನೋಡಿದರು. ಏಷ್ಯದಿಂದ ತಂದ ಗಿಡಗಳೊಡನೆ ಬಂದ ಬೂಷ್ಟು. ಅರ್ಧ ಶತಮಾನದೊಳಗೆ ಆ ದೇಶದ ಪೂರ್ವದ ಕಾಡುಗಳಲ್ಲಿ ನೂರಾರು ಕೋಟಿ ಮರಗಳು ಹೋದವು. ಅಲ್ಲಿ ಕಾರಣ ಬೇಗ ತಿಳಿಯಿತು, ಮರ ಉಳಿಯಲಿಲ್ಲ. ನಮ್ಮಲ್ಲಿ ಕಾರಣ ತಿಳಿಯಲು ಎಪ್ಪತ್ತು ವರ್ಷವಾಯಿತು. ಮರ, ಕಡಮೆಯಾಗಿಯಾದರೂ, ಇನ್ನೂ ಉಳಿದಿದೆ. 1998ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯಕ್ಕೆ ಸಿಕ್ಕಿದ ಜಾತಿಗಳ ಜೊತೆಗೆ ಗಂಧದ ಹೆಸರೂ ಸೇರಿತು. ಅದಕ್ಕೆ ಕಳ್ಳರೂ ಕಾರಣ, ರೋಗವೂ ಕಾರಣ. ತಿಳಿವಳಿಕೆಯಿಂದಲೇ ಕಾಡು ಉಳಿಯುತ್ತದೆ ಎಂದು ನಾನು ಹೇಳಲಾರೆ. ಯಾವ ಮರವನ್ನು ಬಿಟ್ಟುಕೊಡಬೇಕು, ಯಾವಾಗ ಬಿಟ್ಟುಕೊಡಬೇಕು ಎಂಬುದನ್ನಾದರೂ ಅದು ಹೇಳುತ್ತದೆ. ನಮ್ಮ ರೈತರ ತೋಟದಲ್ಲಿ ನಿಜವಾದ ಕಷ್ಟ ಬಂದದ್ದು ಅಲ್ಲಿಯೇ.

ಕೊನೆಯ ಸಾಲಿನ ಆ ಒಂದು ಮರವನ್ನು ತೆಗೆಯಬೇಕೆಂದಾಗ ತಂದೆ ಹೆಚ್ಚು ಮಾತಾಡಲಿಲ್ಲ. ಮುಖ ಸಣ್ಣದಾಯಿತು, ಅಷ್ಟೆ. ಕಷ್ಟವಾದದ್ದು ಮುಂದೆ. ಮಗಳು ಅದರ ಸುತ್ತಿನ ಹನ್ನೆರಡು ಮರಗಳ ಎಲೆಗಳನ್ನು ಕೊಯ್ದು, ಒಂದೊಂದಕ್ಕೂ ಚೀಟಿ ಬರೆದು, ಬೆಂಗಳೂರಿನ ಪ್ರಯೋಗಶಾಲೆಯೊಂದಕ್ಕೆ ಕಳುಹಿಸಿದಳು. ರೋಗಾಣುವಿನ ವಂಶವಾಹಿಯ ತುಣುಕು ಎಲೆಯ ಸಾರದಲ್ಲಿದ್ದರೆ ಅದನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ತೋರಿಸುವ ಪರೀಕ್ಷೆ ಈಗ ಇದೆ. ಶ್ರೀನಿವಾಸಯ್ಯನವರು ಕಸಿ ಕಟ್ಟಿ ತಿಂಗಳುಗಟ್ಟಲೆ ಕಾದು ತಿಳಿದದ್ದು ಇಂದು ಒಂದೆರಡು ದಿನದ ಕೆಲಸ. ಮೂರು ಮರಗಳಲ್ಲಿ ಇದೆ ಎಂದು ಉತ್ತರ ಬಂದಿತು. ಆ ಮೂರೂ ನಳನಳಿಸುತ್ತಿದ್ದ ಮರಗಳು. ಒಂದರಲ್ಲಂತೂ ಆಗತಾನೆ ಹೂವು ಬಂದಿತ್ತು.

"ಇದು ಚೆನ್ನಾಗೇ ಐತಲ್ಲ ಮೇಷ್ಟ್ರೇ," ಎಂದರು ತಂದೆ, ಎಲೆಯನ್ನು ಕೈಯಲ್ಲಿ ಹಿಡಿದು. "ಒಣಗಿದ್ರೆ ಕಡೀಬೌದು. ಹಸ್ರಾಗಿರೋ ಮರಕ್ಕೆ ಕೊಡ್ಲಿ ಹಾಕು ಅಂತೀರಲ್ಲ. ಒಂಬತ್ತು ವರ್ಸ ಮಗೀನಂಗೆ ನೋಡ್ಕಂಡಿವ್ನಿ."

ಮಗಳು ಕಾಗದವನ್ನು ತೋರಿಸಿದಳು. ಆಕೆ ಹೇಳಿದ್ದೆಲ್ಲ ಸರಿ. ಜಿಗಿಹುಳು ಈ ಮರದಿಂದ ಆ ಮರಕ್ಕೆ ಹೇಗೆ ಹೋಗುತ್ತದೆ, ಉಳಿದ ಮರಗಳ ಗತಿಯೇನು, ಪಕ್ಕದ ಹೊಲದವರ ಗಿಡಗಳ ಗತಿಯೇನು, ಎಲ್ಲವನ್ನೂ ಬಿಡಿಸಿ ಹೇಳಿದಳು. ಆದರೆ ಆಕೆ ಪಾಠದ ಭಾಷೆಯಲ್ಲಿ ಹೇಳಿದಳು. ತಂದೆ ಕೇಳುತ್ತಿದ್ದುದು ಬೇರೆ ಪ್ರಶ್ನೆ. ಕಣ್ಣಿಗೆ ಕಾಣದ್ದನ್ನು ನಂಬಿ ಕಣ್ಣಿಗೆ ಕಾಣುವುದನ್ನು ಕಡಿಯಬೇಕೆ ಎಂದು ಅವರು ಕೇಳುತ್ತಿದ್ದರು. ಮಧ್ಯೆ ನನ್ನನ್ನು ನೋಡಿದರು. ಮೇಷ್ಟ್ರಲ್ಲವೆ, ತೀರ್ಪು ಕೊಡಲಿ ಎಂದು. ನಾನು ಮಗಳ ಪಕ್ಷವೆಂದು ಹೇಳಿದೆ. ಹೇಳುವಾಗ, ನನ್ನ ಸಂಬಳ ತಿಂಗಳ ಮೊದಲಿಗೆ ಬಂದೇ ಬರುತ್ತದೆ, ನಾನು ಕಳೆದುಕೊಳ್ಳುವುದು ಏನೂ ಇಲ್ಲ ಎಂಬುದು ನನಗೆ ನೆನಪಿತ್ತು. ಅವರಿಗೂ ನೆನಪಿತ್ತೆಂದು ತೋರುತ್ತದೆ.

ಅನುಮತಿಗೆ ಅರ್ಜಿ ಹಾಕಿದರು. ಕಾಗದಪತ್ರಗಳು ಓಡಾಡುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಹುಳುಗಳಿಗೆ ಯಾವ ಅರ್ಜಿಯ ಗೋಜೂ ಇಲ್ಲ. ಅನುಮತಿ ಬಂದ ಮೇಲೆ ಕೊನೆಯ ಸಾಲಿನ ರೋಗದ ಮರವನ್ನೂ ಹಸಿರಾಗಿದ್ದ ಮೂರರಲ್ಲಿ ಎರಡನ್ನೂ ಬೇರುಸಹಿತ ತೆಗೆದರು. ಆ ಗುಂಡಿಗಳಲ್ಲಿ ತೊಗರಿ ಹಾಕಿದ್ದಾರೆ. ಹೂವು ಬಿಟ್ಟಿದ್ದ ಮೂರನೆಯ ಮರವನ್ನು ಮಾತ್ರ ತಂದೆ ಮುಟ್ಟಗೊಡಲಿಲ್ಲ. ಕಾಯಿ ಹಣ್ಣಾಗಲಿ, ಹಕ್ಕಿ ತಿಂದು ಹೋಗಲಿ, ಆಮೇಲೆ ನೋಡೋಣ ಎಂದಿದ್ದಾರೆ. ಮಗಳಿಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ರಜೆ ಮುಗಿಸಿ ಪೊನ್ನಂಪೇಟೆಗೆ ಹೊರಡುವ ಮುನ್ನ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತಂದು, ತೋಟದ ಪ್ರತಿಯೊಂದು ಮರಕ್ಕೂ ಅಂಕಿ ಕೊಟ್ಟು, ತಿಂಗಳಿಗೊಮ್ಮೆ ಎಲೆ, ಹೂವು, ಹುಳು ನೋಡಿ ಬರೆಯಬೇಕೆಂದು ತಂದೆಗೆ ಒಪ್ಪಿಸಿ ಹೋಗಿದ್ದಾಳೆ. ಮೊನ್ನೆ ನಾನು ಹೋದಾಗ ಅವರು ಪುಸ್ತಕವನ್ನು ತೋರಿಸಿದರು. ಹೊಗೆಸೊಪ್ಪಿನ ಲೆಕ್ಕ ಬರೆದು ಪಳಗಿದ ಕೈ; ಕಲಮುಗಳನ್ನು ನೇರವಾಗಿ ಎಳೆದಿದ್ದಾರೆ. ಆ ಮೂರನೆಯ ಮರದ ಎದುರಿಗೆ ಮಾತ್ರ ಪ್ರತಿ ತಿಂಗಳೂ ಒಂದೇ ಮಾತು ಬರೆದಿದೆ: ಹಸಿರು. ಕಳೆದ ತಿಂಗಳ ಮನೆಯನ್ನು ಖಾಲಿ ಬಿಟ್ಟಿದ್ದರು. ಏಕೆಂದು ನಾನು ಕೇಳಲಿಲ್ಲ. ಇಬ್ಬರೂ ಆ ಸಾಲಿನ ಕಡೆಗೆ ನಡೆದೆವು.